ಹರಿಯದ ರಸೀದಿ

ತಿಂಗಳ ಒಂದನೇ ತಾರೀಖು ಕಲಬುರಗಿ ಗಂಜಿನಾಗ
ನಾನಂದ್ರ ಮಂದಿಗಿ ಬ್ಯಾಸರ.
ಕಿವಿ ಮ್ಯಾಲ ಪೆನ್ನು, ಕಂಕುಳಾಗ ರಸೀದಿ ಪುಸ್ತಕ,
ಹಮಾಲರ ಸಂಘ, ತಲೀಗಿ ಮೂವತ್ತು ರೂಪಾಯಿ.
ಲಾಡ್ಲೇಮಶಾಕ ಬಂದನ್ರೋ, ಕಿಸೆ ಮುಚ್ಚಿಕೋರಿ, ಅಂತಾರ.
ಬೈಕೋತ ಕೊಡ್ತಾರ. ಕೊಡೋದಂತೂ ಕೊಡ್ತಾರ.

ಎಲೀಷ ಒಬ್ಬನ ಕೊಡಂಗಿಲ್ಲ.

ಚಿಟಗುಪ್ಪಾದಂವ. ಅವನಪ್ಪ ದೊಡ್ಡ ಚರ್ಚಿನಾಗ ಗಂಟಿ ಬಾರಿಸ್ತಿದ್ದ;
ಇಂವ ಅದನ್ನೂ ಬಿಟ್ಟು
ಪತ್ರಾಸಿನ ಖೋಲ್ಯಾಗ ಹನ್ನೆರಡು ಮಂದಿ ಕೂಡೋ
ಸಣ್ಣ ಸಭಾಕ್ಕ ಹೋಗ್ತಾನ.
ಆಣಿ ಮಾಡಂಗಿಲ್ಲ, ಝಂಡಾಕ್ಕ ಕೈ ಎತ್ತಂಗಿಲ್ಲ.
ಫಾರ್ಮಿನಾಗ ‘ಸಂಘಕ್ಕೆ ನಿಷ್ಠನಾಗಿರುತ್ತೇನೆ’ ಅನ್ನೋ ಸಾಲಿನ ಮ್ಯಾಲ
ಬಟ್ಟು ಇಟ್ಟು ಅಂದ:
“ಇದು ಒಬ್ಬಗ ಕೊಟ್ಟಾಗ್ಯಾದ, ಭಾಯ್.
ಎರಡನೇ ಸಲ ಹ್ಯಾಂಗ ಕೊಡ್ಲಿ?”
ಸಹಿ ಬ್ಯಾಡ, ರೊಕ್ಕ ಅಷ್ಟ ಕೊಡು, ಅಂದೆ.
“ರೊಕ್ಕಾನೂ ಸಹೀನ ಅಲ್ಲೇನು?”

ಮಂದಿ ಸುಮ್ಮನಿರ್ತಾರೇನು?
ಚೀಲಕ್ಕ ಎರಡು ರೂಪಾಯಿ ಹೆಚ್ಚಿಗಿ ಕೇಳಿ
ಹನ್ನೊಂದು ದಿನ ಕಾಟಾ ಬಂದ್ ಇಟ್ಟಿದ್ದಿವಿ.
ಖರೇ ಹೇಳಬೇಕಂದ್ರ ಅವನೂ ಹನ್ನೊಂದು ದಿನ ಚೀಲ ಮುಟ್ಟಲಿಲ್ಲ.
ನಮ್ಮ ಟೆಂಟಿನ ನೆಳ್ಳಿಗೂ ಬರಲಿಲ್ಲ.
ಹನ್ನೆರಡನೇ ದಿನ ಹೆಚ್ಚಿಗಿ ರೊಕ್ಕ ಎಣಿಸಿ ತಗೊಂಡ.
ಸಾಯಬಣ್ಣ ಉಗುಳಿದ:
“ಇವನ ದೇವರಿಗಿ ಸಂಘ ಮೈಲಿಗಿ,
ಸಂಘ ತಂದ ರೊಕ್ಕ ಮಾತ್ರ ಮಡಿ!”
ಎಲೀಷನ ಮಾರಿ ಸಣ್ಣದಾತು. ಮಾತು ಬರಲಿಲ್ಲ.
ನನಗೂ ಬರಲಿಲ್ಲ.
ಸಾಯಬಣ್ಣ ಅಂದದ್ದು ಸುಳ್ಳೇನಲ್ಲ.

ಆದ್ರ ನಾ ಯಾವ ಮಾರೀಲೆ ಕೇಳಲಿ?
ಖಜಾಂಚಿ ಆದ ವರ್ಷ
ನಮ್ಮ ಮಾಮೂ ಕರದು ಕೇಳಿದ್ದ,
“ಸಂಘದ ರೊಕ್ಕ ಬ್ಯಾಂಕಿನಾಗ ಇಡ್ತೀರಿ, ಬಡ್ಡಿ ಹುಟ್ತದ.
ನಿನ್ನ ಕೈ ಮ್ಯಾಲಿಂದ ಹಾಯ್ತದ ಅದು.
ಮ್ಯಾಲ ಹೋಗಿ ಏನು ಜವಾಬು ಕೊಡ್ತಿ?”
ಮೂರು ರಾತ್ರಿ ನಿದ್ದಿ ಇಲ್ಲ.
ಕಡೀಗಿ ಏಳು ವರ್ಷದ ಬಡ್ಡಿ ಅಷ್ಟೂ ತಗದು
ಗಂಜಿನ ಹಿಂದ ಪಾಯಖಾನಿ ಕಟ್ಟಿಸಿದಿವಿ.
ಪುಣ್ಯ ಬರ್ತದಂತ ಅಲ್ಲ,
ಕೈ ತೊಳಕೊಳ್ಳಲಿಕ್ಕ.
ಯಾರ ಹೆಸರೂ ಬರಸಲಿಲ್ಲ ಅದರ ಗ್ವಾಡಿಗಿ.
ತೊಗರಿ ಹಂಗಾಮಿನಾಗ
ಹಮಾಲರು, ಲಾರಿ ಕ್ಲೀನರಗಳು, ಬ್ಯಾಳಿ ಹಸನ ಮಾಡೋ ಹೆಣ್ಮಕ್ಕಳು,
ಎಲ್ಲಾ ದೇವರ ಮಂದೀನೂ ಅಲ್ಲೇ ಪಾಳಿ ಹಚ್ಚತಾರ,
ಹೊಟ್ಟಿ ಹಿಡಕೊಂಡು.

ಒಂದು ಶನಿವಾರ ಹೊತ್ತು ಮುಳಗಿದ ಮ್ಯಾಲ
ಕೀಲಿ ಹಾಕಲಿಕ್ಕ ಹೋದೆ.
ಒಳಗ ಕಸಬರಗಿ ಸಪ್ಪಳ.
ಎಲೀಷ. ಪ್ಯಾಂಟು ಮೊಳಕಾಲತನ ಮಡಚ್ಯಾನ,
ಬಕೀಟು, ಫಿನಾಯಿಲು. ಬಾಟ್ಲಿ ತನ್ನ ರೊಕ್ಕದ್ದು.
“ಎಂದಿಂದ ಇದು?”
“ಎರಡು ರೂಪಾಯಿ ಹೆಚ್ಚಾದಾಗಿಂದ.”
ಆಮ್ಯಾಲ ಅವನ ಅಂದ, ನೀರು ಸುರೂಕೋತ:
“ಈ ಕಸಬರಗಿ ಬಿಡಲಿಕ್ಕಂತನ ನಮ್ಮಜ್ಜ
ಆ ಚರ್ಚಿನ ಬಾಗಲಾ ಬಡದಿದ್ದ.
ಆಗ ಊರು ಹಿಡಿಸಿತ್ತು. ಈಗ ಯಾರೂ ಹಿಡಿಸಿಲ್ಲ.”
ನಗಲಿಕತ್ತಾನೋ ಏನೋ, ಕತ್ತಲಾಗ ಕಾಣಲಿಲ್ಲ.

ಹಾಂಗ ಮಾಡಬ್ಯಾಡೋ, ಅನ್ನಬೇಕಂದೆ.
ಬಾಯಿಗಿ ಬಂದದ್ದು ಬ್ಯಾರೆ:
“ಇದಕ್ಕ ರಸೀದಿ ಹರೀಲೇನು?”
“ಹರದ್ರ ಮುಂದಿನ ಶನಿವಾರ ಬರಂಗಿಲ್ಲ.”

ಸಾಯಬಣ್ಣಗ ಹೇಳಿಲ್ಲ ನಾ.
ಇನ್ನೂ ಬೈತಾನ, ಬೈಲಿ.
ಪುಸ್ತಕದಾಗ ಎಲೀಷನ ಹೆಸರಿನ ಮುಂದ
ಹದಿನೆಂಟು ತಿಂಗಳ ಖಾಲಿ ಮನಿ.
ಆಡಿಟಿನಂವ ಕೇಳಿದ್ರ ಏನು ಬರೀಲಿ, ತಿಳೀವಲ್ದು.

ಸೋಮವಾರ ಮುಂಜಾನಿ ಜೇವರ್ಗಿ ಕಡಿ ಲಾರಿ ಬಂತು.
ಎಲೀಷ ಬೆನ್ನು ಬಗ್ಗಿಸಿ ನಿಂತ.
ಚೀಲ ತನ್ನ ಬೆನ್ನಿಗಿ ತಾನ ಏರಿಸಲಿಕ್ಕ
ಯಾವ ಮಗಗೂ ಬರಂಗಿಲ್ಲ.
ಆ ಕಡಿ ಸಾಯಬಣ್ಣ, ಈ ಕಡಿ ನಾ,
ಕೊಕ್ಕಿ ಹಾಕಿ
ಹೂಂ, ಎತ್ತು.